ಬಡಿತದ ಜೊತೆ ಬಾಗುವ ನಾಳ: ಹೃದಯಾಘಾತದ ಬಗ್ಗೆ ನಮ್ಮವರಿಗೆ ನಾಲ್ಕು ಮಾತು



ನಿಮ್ಮಲ್ಲಿ ಬಹಳ ಜನರಿಗೆ ವಾರಕ್ಕೆ ಸಿಗುವುದು ಒಂದೇ ರಜೆ. ಆ ದಿನ ಬಟ್ಟೆ ಒಗೆಯಬೇಕು, ವಾರದ ಸಾಮಾನು ತರಬೇಕು, ಬೋಟಿಮ್‌ನಲ್ಲಿ ಹೆಂಡತಿ ಮಕ್ಕಳ ಮುಖ ನೋಡಬೇಕು. ಅದನ್ನೆಲ್ಲ ಬದಿಗಿಟ್ಟು ಇಲ್ಲಿ ಬಂದು ಕೂತಿದ್ದೀರಿ. ಹಾಗಾಗಿ ನಿಮಗೆ ಉಪಯೋಗಕ್ಕೆ ಬಾರದ ಒಂದು ಮಾತನ್ನೂ ಆಡಬಾರದು ಎಂದು ನಿರ್ಧರಿಸಿಕೊಂಡು ಬಂದಿದ್ದೇನೆ.

ನಾನು ಹೃದ್ರೋಗ ವೈದ್ಯ. ಊರು ಕುಂದಾಪುರದ ಕಡೆ. ವಿಷಯಕ್ಕೆ ಬರುವ ಮೊದಲು ನಾನೇ ಮಾಡಿದ ಒಂದು ತಪ್ಪನ್ನು ನಿಮ್ಮ ಮುಂದೆ ಹೇಳಬೇಕು. ಇದನ್ನು ಸಭೆಯಲ್ಲಿ ಹೇಳುತ್ತಿರುವುದು ಇದೇ ಮೊದಲು.

1999ನೇ ಇಸವಿ. ಆಗ ನಾನು ಬರೀ ಎಂಬಿಬಿಎಸ್ ಡಾಕ್ಟರು. ದೇರಾದ ಒಂದು ಸಣ್ಣ ಕ್ಲಿನಿಕ್ಕಿನಲ್ಲಿ ಕೆಲಸ. ಊರಿನ ಕಡೆಯವರೊಬ್ಬರು ಅಲ್ ಖೂಸ್‌ನಲ್ಲಿ ಎಸಿ ಮೆಕ್ಯಾನಿಕ್ ಆಗಿದ್ದರು. ನನಗಿಂತ ಹನ್ನೆರಡು ವರ್ಷ ದೊಡ್ಡವರು, ನಾನು ಅವರನ್ನು ಅಣ್ಣ ಎಂದೇ ಕರೆಯುತ್ತಿದ್ದೆ. ಹೆಸರು ಬೇಡ. ದುಬೈಗೆ ಬಂದ ಹೊಸತರಲ್ಲಿ ನನಗೆ ಮೊಬೈಲು ತೆಗೆದುಕೊಟ್ಟದ್ದು, ಮಲಗಲು ಜಾಗ ಹುಡುಕಿಕೊಟ್ಟದ್ದು ಅವರೇ. ಒಂದು ರಾತ್ರಿ ಹತ್ತೂಮುಕ್ಕಾಲಿಗೆ ಅವರ ಫೋನ್ ಬಂತು.

"ಡಾಕ್ಟ್ರೇ, ಎದೆ ಒಂಥರಾ ಉರೀತಾ ಉಂಟು. ಭುಜ ಸಹ ಭಾರ. ರಾತ್ರಿ ಬಿರಿಯಾನಿ ಜಾಸ್ತಿ ಆಯ್ತು ಕಾಣ್ತದೆ."

"ಬೆವರು ಬರ್ತದಾ ಅಣ್ಣ?"

"ಸ್ವಲ್ಪ. ಇಲ್ಲಿ ರೂಮಲ್ಲಿ ಎಸಿ ಸರಿ ಇಲ್ಲ ಅಲ್ವಾ."

ಎಸಿ ಮೆಕ್ಯಾನಿಕ್ಕಿನ ರೂಮಿನಲ್ಲೇ ಎಸಿ ಸರಿ ಇಲ್ಲ ಎಂದು ಇಬ್ಬರೂ ನಕ್ಕೆವು. ಆಮೇಲೆ ನಾನು ಹೇಳಿದೆ: "ಗ್ಯಾಸ್ ಇರಬೇಕು ಅಣ್ಣ. ಮಾತ್ರೆ ತಕೊಂಡು ಮಲಗಿ. ಬೆಳಿಗ್ಗೆ ಕ್ಲಿನಿಕ್ಕಿಗೆ ಬನ್ನಿ, ನೋಡುವ."

ಅವರಿಗೆ ಆಗ 41 ವರ್ಷ. ಸಪೂರ ಮನುಷ್ಯ. ಏಣಿ ಹತ್ತಿ ಇಳಿದು ಗಟ್ಟಿಯಾದ ದೇಹ. ಅಂಥವರಿಗೆ ಹೃದಯಾಘಾತ ಆಗುತ್ತದೆ ಎಂದು ನನ್ನ ತಲೆಗೆ ಹೊಳೆಯಲೇ ಇಲ್ಲ. ಬೆಳಿಗ್ಗೆ ಏಳು ಗಂಟೆಗೆ ಕಂಪನಿಯ ಪಿಕಪ್‌ನಲ್ಲಿ ಬಂದರು. ಮುಖ ಬೂದಿ ಬಣ್ಣವಾಗಿತ್ತು. ಇಸಿಜಿ ಕಾಗದ ಯಂತ್ರದಿಂದ ಹೊರಗೆ ಬರುತ್ತಿದ್ದ ಹಾಗೆ ನನ್ನ ಕೈ ನಡುಗಿತು. ಹೃದಯದ ಮುಂಭಾಗಕ್ಕೆ ರಕ್ತ ಕೊಡುವ ದೊಡ್ಡ ನಾಳ ಮುಚ್ಚಿ ಎಂಟು ಗಂಟೆ ದಾಟಿತ್ತು.

ಅವರು ಕೊನೆಗೆ ಏನಾದರು ಎಂದು ಆಮೇಲೆ ಹೇಳುತ್ತೇನೆ. ಅವತ್ತಿನಿಂದ ನನ್ನನ್ನು ಕಾಡಿದ ಪ್ರಶ್ನೆ ಎರಡು. ಒಂದು, ಅಷ್ಟು ಗಟ್ಟಿ ಮನುಷ್ಯನ ನಾಳ, ಅದೂ ಆ ಒಂದು ಜಾಗದಲ್ಲೇ ಯಾಕೆ ಮುಚ್ಚಿತು? ಎರಡು, ನಾನು ಮತ್ತು ಅವರು ಸೇರಿ ಆ ಎಂಟು ಗಂಟೆಯನ್ನು ಯಾಕೆ ಕಳೆದೆವು? ಇವತ್ತಿನ ಮಾತು ಈ ಎರಡು ಪ್ರಶ್ನೆಗಳ ಸುತ್ತಲೇ.

ಮೊದಲನೆಯದನ್ನು ನೋಡೋಣ.

ಹೃದಯ ಇಡೀ ದೇಹಕ್ಕೆ ರಕ್ತ ಕಳಿಸುತ್ತದೆ, ಸರಿ. ಆದರೆ ಅದಕ್ಕೂ ಹೊಟ್ಟೆ ಇದೆ. ಅದರ ಸ್ವಂತ ಮಾಂಸಖಂಡಕ್ಕೆ ರಕ್ತ ಕೊಡುವ ನಾಳಗಳಿಗೆ ಕರೋನರಿ ನಾಳಗಳು ಎನ್ನುತ್ತೇವೆ. ಎಡಗಡೆಯ ನಾಳ ಸ್ವಲ್ಪ ಮುಂದೆ ಹೋಗಿ ಎರಡು ದೊಡ್ಡ ಕೊಂಬೆಗಳಾಗುತ್ತದೆ, ಬಲಗಡೆ ಒಂದು. ಹೀಗೆ ಮುಖ್ಯವಾದವು ಮೂರು. ಗಾತ್ರ ಎಷ್ಟು? ಬಾಲ್ ಪೆನ್ನಿನ ರೀಫಿಲ್‌ನಷ್ಟು, ಮೂರು ನಾಲ್ಕು ಮಿಲಿಮೀಟರ್. ಇವು ಹೃದಯದ ಮೇಲ್ಮೈಯಲ್ಲಿ ಅಂಟಿಕೊಂಡು ಹರಿಯುತ್ತವೆ, ಮರಕ್ಕೆ ಹಬ್ಬಿದ ಬಳ್ಳಿಯ ಹಾಗೆ.

ಆದರೆ ಈ ಮರ ಸುಮ್ಮನೆ ನಿಂತಿರುವುದಿಲ್ಲ. ಪ್ರತಿ ಬಡಿತಕ್ಕೂ ಹೃದಯ ಕುಗ್ಗುತ್ತದೆ, ಒದ್ದೆ ಬಟ್ಟೆ ಹಿಂಡಿದ ಹಾಗೆ ಸ್ವಲ್ಪ ತಿರುಚಿಕೊಳ್ಳುತ್ತದೆ, ಮತ್ತೆ ಬಿಚ್ಚಿಕೊಳ್ಳುತ್ತದೆ. ಮೇಲೆ ಹಬ್ಬಿದ ನಾಳವೂ ಅದರ ಜೊತೆಗೇ ಬಾಗುತ್ತದೆ, ಎಳೆಯುತ್ತದೆ, ಮಡಚುತ್ತದೆ. ನಿಮಿಷಕ್ಕೆ 70 ಬಡಿತ ಎಂದರೆ ದಿನಕ್ಕೆ ಒಂದು ಲಕ್ಷಕ್ಕೂ ಹೆಚ್ಚು. ವರ್ಷಕ್ಕೆ ಸುಮಾರು 3 ಕೋಟಿ 68 ಲಕ್ಷ. 45 ವರ್ಷದ ಮನುಷ್ಯನ ಕರೋನರಿ ನಾಳ ಅಷ್ಟರಲ್ಲಿ 165 ಕೋಟಿ ಸಲ ಬಾಗಿ ನೆಟ್ಟಗಾಗಿರುತ್ತದೆ.

ನಿಮ್ಮಲ್ಲಿ ಎಸಿ ಕೆಲಸದವರು, ಪೈಪ್ ಫಿಟ್ಟರುಗಳು, ಕ್ರೇನ್ ಆಪರೇಟರುಗಳು ಇದ್ದೀರಿ. ತಾಮ್ರದ ಪೈಪು ಕಂಪ್ರೆಸರಿನ ಅದುರಿಗೆ ಎಲ್ಲಿ ಬಿರುಕು ಬಿಡುತ್ತದೆ ಎಂದು ನಿಮ್ಮನ್ನು ಕೇಳಬೇಕು. ನೆಟ್ಟಗಿರುವ ಉದ್ದದಲ್ಲಿ ಅಲ್ಲ, ಬಾಗಿದ ಕಡೆ, ಜಾಯಿಂಟಿನ ಹತ್ತಿರ. ಕ್ರೇನಿನ ವೈರ್ ರೋಪ್ ಪರೀಕ್ಷೆ ಮಾಡುವಾಗ ರಾಟೆಯ ಮೇಲೆ ಮತ್ತೆ ಮತ್ತೆ ಬಾಗುವ ಭಾಗವನ್ನೇ ಹೆಚ್ಚು ನೋಡುತ್ತೀರಿ. ಹೃದಯದ ನಾಳದಲ್ಲೂ ಕೊಬ್ಬು ಎಲ್ಲ ಕಡೆ ಸಮನಾಗಿ ಕೂರುವುದಿಲ್ಲ. ಕೊಲೆಸ್ಟ್ರಾಲು ಇಡೀ ರಕ್ತದಲ್ಲಿ ಒಂದೇ ಥರ ಇರುತ್ತದೆ. ಆದರೆ ಬ್ಲಾಕ್ ಬರುವುದು ಕವಲೊಡೆಯುವ ಕಡೆ, ತಿರುವಿನ ಒಳಬದಿಯಲ್ಲಿ. ಅಲ್ಲಿ ರಕ್ತದ ಹರಿವು ನಿಧಾನ ಆಗುತ್ತದೆ, ಸುಳಿ ತಿರುಗುತ್ತದೆ. ನಾಳದ ಒಳಪದರಕ್ಕೆ ನೆಟ್ಟಗೆ ಹರಿಯುವ ರಕ್ತ ಹಿತ, ಸುಳಿ ತಿರುಗುವ ರಕ್ತ ಅಹಿತ. ಹೃದಯಾಘಾತ ತರುವ ಅಡಚಣೆಗಳು ಹೆಚ್ಚಾಗಿ ನಾಳದ ಮೊದಲ ಭಾಗದಲ್ಲೇ, ಅಂದರೆ ಬುಡಕ್ಕೆ ಹತ್ತಿರದಲ್ಲೇ ಗುಂಪುಗೂಡುತ್ತವೆ ಎಂಬುದೂ ಗೊತ್ತಿರುವ ಸಂಗತಿ.

ಇದರಲ್ಲಿ ನಾಳದ ಚಲನೆಯ ಪಾಲು ಎಷ್ಟು? ಅದನ್ನು ಕೇಳಬೇಕಾದರೆ ಮೊದಲು ಚಲನೆ ಕಣ್ಣಿಗೆ ಕಾಣಬೇಕು. ಬದುಕಿರುವ ಮನುಷ್ಯನ ಕರೋನರಿ ನಾಳ ಮೊದಲ ಸಲ ಚೆನ್ನಾಗಿ ಕಂಡದ್ದು 1958ರ ಅಕ್ಟೋಬರಿನಲ್ಲಿ, ಅಮೆರಿಕದ ಕ್ಲೀವ್‌ಲ್ಯಾಂಡ್ ಕ್ಲಿನಿಕ್‌ನಲ್ಲಿ. ಅದೂ ಅಕಸ್ಮಾತ್ತಾಗಿ. ಡಾ. ಮೇಸನ್ ಸೋನ್ಸ್ ಎಂಬವರು ಬೇರೆ ಪರೀಕ್ಷೆ ಮಾಡುತ್ತಿದ್ದಾಗ ಬಣ್ಣದ ದ್ರವ ತಪ್ಪಿ ಬಲ ಕರೋನರಿ ನಾಳಕ್ಕೆ ನುಗ್ಗಿತು. ರೋಗಿ ಸತ್ತೇಹೋಗುತ್ತಾನೆ ಎಂದು ಅವರು ಹೆದರಿದರು. ಕೆಲವು ಕ್ಷಣ ಬಡಿತ ನಿಂತಿತು, ರೋಗಿಯನ್ನು ಕೆಮ್ಮಿಸಿದರು, ಬಡಿತ ಮರಳಿತು. ಆ ಅಪಘಾತದಿಂದ ಆಂಜಿಯೋಗ್ರಾಂ ಹುಟ್ಟಿತು. ಅದೇ ಸಂಸ್ಥೆಯ ಆಸ್ಪತ್ರೆ 2015ರಿಂದ ನಮ್ಮ ಅಬುಧಾಬಿಯ ಅಲ್ ಮಾರ್ಯಾ ದ್ವೀಪದಲ್ಲಿದೆ, ನಿಮ್ಮಲ್ಲಿ ಕೆಲವರು ಅದರ ಮುಂದೆ ದಿನಾ ಹಾದು ಹೋಗುತ್ತೀರಿ.

ಆಂಜಿಯೋಗ್ರಾಂ ಫೋಟೋ ಅಲ್ಲ, ಸಿನಿಮಾ. ನಾಳ ಕುಣಿಯುವುದು ಅದರಲ್ಲಿ ಕಾಣುತ್ತದೆ. ಆದರೆ ನಾವು ವೈದ್ಯರು ಆ ಸಿನಿಮಾವನ್ನು ನಿಲ್ಲಿಸಿ, ಒಂದು ಚಿತ್ರ ಹಿಡಿದು, "70 ಪರ್ಸೆಂಟ್ ಬ್ಲಾಕ್" ಎಂದು ಬರೆದು ಮುಂದೆ ಹೋಗುತ್ತೇವೆ. ಆಸ್ಟ್ರೇಲಿಯಾದ ಕೆಲವು ವೈದ್ಯರು ಹಾಗೆ ಮಾಡಲಿಲ್ಲ. 2003ರಲ್ಲಿ ಒಂದು, ಆಮೇಲೆ ಇನ್ನೊಂದು ಅಧ್ಯಯನದಲ್ಲಿ ಅವರು ನಾಳದ ಕುಣಿತವನ್ನೇ ವಿಂಗಡಿಸಿ ನೋಡಿದರು. ಕೆಲವು ಭಾಗಗಳು ಬಡಿತದ ಜೊತೆ ಇದ್ದ ಆಕಾರದಲ್ಲೇ ಒಟ್ಟಾಗಿ ಪಕ್ಕಕ್ಕೆ ಸರಿದು ವಾಪಸು ಬರುತ್ತವೆ. ಇನ್ನು ಕೆಲವು ಭಾಗಗಳು ಹಾರ್ಮೋನಿಯಂ ತಿದಿಯ ಹಾಗೆ ಮಡಚಿ ಗಿಡ್ಡವಾಗುತ್ತವೆ, ಎರಡು ತುದಿ ಹತ್ತಿರ ಬರುತ್ತವೆ. ಹೀಗೆ ಅಮುಕಿ ಮಡಚುವ ಚಲನೆ ಹೃದಯಾಘಾತ ಆದವರಲ್ಲಿ ಹೆಚ್ಚಾಗಿ ಕಂಡಿತು ಎಂಬುದು ಅವರ ವರದಿ.

ಇದನ್ನು ಕೇಳಿ ಯಾರೂ ಹೆದರಬೇಡಿ. ನಾಳೆ ಡಾಕ್ಟರ ಬಳಿ ಹೋಗಿ "ನನ್ನ ನಾಳ ಮಡಚುತ್ತದಾ" ಎಂದು ಕೇಳಲೂ ಬೇಡಿ. ಇವು ಸಣ್ಣ ಅಧ್ಯಯನಗಳು. ಎರಡು ಸಂಗತಿ ಒಟ್ಟಿಗೆ ಕಂಡವು ಎಂದರೆ ಒಂದರಿಂದ ಇನ್ನೊಂದು ಆಯಿತು ಎಂದಲ್ಲ. ನಾಳದ ಚಲನೆ ನೋಡಿ ಚಿಕಿತ್ಸೆ ಕೊಡುವ ಪದ್ಧತಿ ಇವತ್ತು ಎಲ್ಲೂ ಇಲ್ಲ. ಆದರೂ ಇದನ್ನು ಸುಳ್ಳೆಂದು ತಳ್ಳಿಹಾಕಲು ನನಗೆ ಮನಸ್ಸಿಲ್ಲ. ಕಾರಣ, ನಾವು ದಿನಾ ನೋಡುವ ಮೂರು ಸಂಗತಿಗಳು.

ಒಂದು, ಸ್ಟೆಂಟು. ನಾಳದೊಳಗೆ ಹಾಕುವ ಲೋಹದ ಬಲೆ. ಅಪರೂಪಕ್ಕೆ ಅದು ಮುರಿಯುತ್ತದೆ. ಮುರಿಯುವುದು ಹೆಚ್ಚಾಗಿ ಬಲ ಕರೋನರಿ ನಾಳದಲ್ಲಿ, ಬಾಗಿಲ ತಿರುಗಣೆಯ ಹಾಗೆ ಬಾಗುವ ಜಾಗದಲ್ಲಿ. ಲೋಹವೇ ದಣಿಯುತ್ತದೆ ಎಂದಮೇಲೆ ಆ ಬಾಗುವಿಕೆಯ ಬಲ ಸಣ್ಣದಲ್ಲ. ಎರಡು, ಸಿಟಿ ಸ್ಕ್ಯಾನು. ಹೃದಯದ ಸಿಟಿ ಮಾಡಿಸಿಕೊಂಡವರಿಗೆ ನೆನಪಿರಬಹುದು, ಮೊದಲು ಮಾತ್ರೆ ಕೊಟ್ಟು ನಾಡಿಯನ್ನು 60ರ ಹತ್ತಿರಕ್ಕೆ ಇಳಿಸುತ್ತಾರೆ. ಇಲ್ಲದಿದ್ದರೆ ನಾಳ ಓಡಾಡಿ ಚಿತ್ರ ಮಸುಕಾಗುತ್ತದೆ. ಅದರಲ್ಲೂ ಬಲ ನಾಳ ಎಲ್ಲಕ್ಕಿಂತ ಹೆಚ್ಚು ಓಡಾಡುತ್ತದೆ. ಮೂರು, ಕೆಲವರಲ್ಲಿ ನಾಳದ ಒಂದು ತುಂಡು ಹೃದಯದ ಮೇಲ್ಮೈ ಬಿಟ್ಟು ಮಾಂಸದೊಳಗೆ ಸುರಂಗದ ಹಾಗೆ ಹೋಗಿ ಮತ್ತೆ ಮೇಲೆ ಬರುತ್ತದೆ. ವಿಚಿತ್ರವೆಂದರೆ ಆ ಸುರಂಗದ ಒಳಗಿನ ತುಂಡಿನಲ್ಲಿ ಕೊಬ್ಬು ಕೂರುವುದು ಬಹಳ ಕಡಿಮೆ, ಸುರಂಗಕ್ಕೆ ಸ್ವಲ್ಪ ಮೊದಲಿನ ಭಾಗದಲ್ಲಿ ಹೆಚ್ಚು. ರಕ್ತ ಅದೇ, ಮನುಷ್ಯ ಅವನೇ, ನಾಳವೂ ಅದೇ. ನಾಳ ಇರುವ ಜಾಗ ಮತ್ತು ಅಲ್ಲಿ ಬೀಳುವ ಒತ್ತಡ ಮಾತ್ರ ಬೇರೆ.

ಹಾಗಾದರೆ ನಮ್ಮ ಮೊದಲ ಪ್ರಶ್ನೆಗೆ ಉತ್ತರ ಹೀಗೆ: ಎಲ್ಲಿ ಬ್ಲಾಕ್ ಬರುತ್ತದೆ ಎಂಬುದರಲ್ಲಿ ನಾಳದ ತಿರುವು, ಕವಲು, ಚಲನೆಗಳ ಪಾಲು ಇದೆ. ಅದು ಹುಟ್ಟಿನಿಂದ ಬಂದದ್ದು, ನಾವು ಬದಲಾಯಿಸಲು ಆಗುವುದಿಲ್ಲ. ಆದರೆ ಬ್ಲಾಕ್ ಬರುತ್ತದೋ ಇಲ್ಲವೋ, 45ಕ್ಕೆ ಬರುತ್ತದೋ 75ಕ್ಕೆ ಬರುತ್ತದೋ ಎಂಬುದು ಬಹುಪಾಲು ಬೇರೆ ಸಂಗತಿಗಳ ಮೇಲೆ ನಿಂತಿದೆ. ಒಳ್ಳೆಯ ನೀರು ಹರಿದರೆ ಎಲ್ಬೋ ಬಹಳ ವರ್ಷ ಬಾಳುತ್ತದೆ. ಕೆಸರು ಹರಿದರೆ ಮೊದಲು ಕಟ್ಟಿಕೊಳ್ಳುವುದು ಎಲ್ಬೋದಲ್ಲೇ.

ಆ ಕೆಸರು ಯಾವುದು? 2004ರಲ್ಲಿ ಇಂಟರ್‌ಹಾರ್ಟ್ ಎಂಬ ದೊಡ್ಡ ಅಧ್ಯಯನ ಬಂತು. 52 ದೇಶಗಳು. ಅದನ್ನು ನಡೆಸಿದ ಡಾ. ಸಲೀಂ ಯೂಸುಫ್ ಓದಿದ್ದು ನಮ್ಮ ಬೆಂಗಳೂರಿನ ಸೇಂಟ್ ಜಾನ್ಸ್ ಮೆಡಿಕಲ್ ಕಾಲೇಜಿನಲ್ಲಿ. ಮೊದಲ ಹೃದಯಾಘಾತದ ಅಪಾಯದಲ್ಲಿ ನೂರಕ್ಕೆ 90 ಪಾಲು ಒಂಬತ್ತೇ ಕಾರಣಗಳಿಂದ ಎಂದು ಅದು ತೋರಿಸಿತು: ಕೆಟ್ಟ ಕೊಲೆಸ್ಟ್ರಾಲು, ಧೂಮಪಾನ, ಬಿಪಿ, ಶುಗರ್, ಹೊಟ್ಟೆಯ ಬೊಜ್ಜು, ಮನಸ್ಸಿನ ಒತ್ತಡ, ಹಣ್ಣು ತರಕಾರಿ ತಿನ್ನದಿರುವುದು, ವ್ಯಾಯಾಮ ಇಲ್ಲದಿರುವುದು, ಮದ್ಯದ ಅಭ್ಯಾಸ. ಸಿಗರೇಟು ಸೇದುವವನಿಗೆ ಸೇದದವನಿಗಿಂತ ಅಪಾಯ ಸುಮಾರು ಮೂರು ಪಟ್ಟು. 2007ರಲ್ಲಿ ಅದರ ದಕ್ಷಿಣ ಏಷ್ಯಾದ ಲೆಕ್ಕ ಬೇರೆಯಾಗಿ ಬಂತು. ನಮ್ಮವರಿಗೆ ಮೊದಲ ಹೃದಯಾಘಾತ ಆಗುವ ಸರಾಸರಿ ವಯಸ್ಸು 53. ಬೇರೆ ದೇಶಗಳವರಿಗೆ ಸುಮಾರು 59. ಆರು ವರ್ಷ ಮೊದಲೇ.

ಆ ಆರು ವರ್ಷ ಎಂದರೆ ಏನು ಎಂದು ನಿಮಗೆ ನಾನು ಹೇಳಬೇಕಾಗಿಲ್ಲ. ಮಗಳ ಮದುವೆ, ಮಗನ ಇಂಜಿನಿಯರಿಂಗ್ ಫೀಸು, ಮನೆ ಸಾಲದ ಕೊನೆಯ ಕಂತು, ಎಲ್ಲ ಬರುವುದು ಆ ವಯಸ್ಸಿನಲ್ಲೇ. ಈ ಕೊಲ್ಲಿ ನಾಡಿನಲ್ಲಿ 2006, 2007ರಲ್ಲಿ ಆರು ದೇಶಗಳು ಸೇರಿ ಹೃದಯಾಘಾತದ ರೋಗಿಗಳ ದಾಖಲೆ ಮಾಡಿದವು. ಗಲ್ಫ್ ರೇಸ್ ಎಂದು ಅದರ ಹೆಸರು, ಯುಎಇ ಕೂಡ ಅದರಲ್ಲಿತ್ತು. ಇಲ್ಲಿಯ ರೋಗಿಗಳು ಪಶ್ಚಿಮ ದೇಶಗಳವರಿಗಿಂತ ಸುಮಾರು ಹತ್ತು ವರ್ಷ ಚಿಕ್ಕವರು ಎಂದು ಅದರಲ್ಲಿ ಕಂಡಿತು.

2021ರ ಅಕ್ಟೋಬರ್ 29 ನಮಗೆಲ್ಲ ನೆನಪಿದೆ. ಅಪ್ಪು ಹೋದಾಗ ಅವರಿಗೆ 46. ಅವತ್ತು ಇಲ್ಲಿಯ ಕ್ಯಾಂಪುಗಳಲ್ಲಿ ಗಂಡಸರು ಗಟ್ಟಿಯಾಗಿ ಅತ್ತದ್ದನ್ನು ನಾನು ನೋಡಿದ್ದೇನೆ. ಅದಾದ ಮೇಲೆ ಬಹಳ ಜನ ನನ್ನ ಹತ್ತಿರ ಬಂದು, "ಡಾಕ್ಟ್ರೇ, ವಾಕಿಂಗ್ ಬಿಟ್ಟುಬಿಟ್ಟೆ, ಹೃದಯಕ್ಕೆ ಜಾಸ್ತಿ ಕೆಲಸ ಕೊಡಬಾರದಲ್ವಾ" ಎಂದರು. ಈಗ ನಾಳ ಬಾಗುವ ಕಥೆ ಕೇಳಿದ ಮೇಲೆ ನಿಮಗೂ ಹಾಗೆ ಅನ್ನಿಸಬಹುದು. ಹಾಗಾಗಿ ಒಂದು ಲೆಕ್ಕ ಮಾಡೋಣ. ವ್ಯಾಯಾಮ ಇಲ್ಲದ ಒಬ್ಬನ ನಾಡಿ ನಿಮಿಷಕ್ಕೆ 80 ಎಂದಿಟ್ಟುಕೊಳ್ಳಿ. ದಿನಕ್ಕೆ 1,15,200 ಬಡಿತ. ದಿನಾ ಒಂದು ಗಂಟೆ ಚುರುಕಾಗಿ ನಡೆದು ನಾಡಿ 65ಕ್ಕೆ ಇಳಿದಿರುವ ಇನ್ನೊಬ್ಬನಿಗೆ, ನಡೆಯುವ ಆ ಗಂಟೆಯಲ್ಲಿ 110 ಎಂದು ಹಿಡಿದರೂ, ದಿನದ ಒಟ್ಟು 96,300. ಸುಮಾರು 19 ಸಾವಿರ ಬಡಿತ ಉಳಿಯಿತು. ಇನ್ನೊಂದು ಮಾತು. ಹೃದಯ ಕುಗ್ಗುವಾಗ ತನ್ನ ನಾಳಗಳನ್ನು ತಾನೇ ಹಿಂಡಿಕೊಳ್ಳುತ್ತದೆ. ಎಡ ನಾಳಕ್ಕೆ ರಕ್ತ ಹೆಚ್ಚಾಗಿ ಹರಿಯುವುದು ಹೃದಯ ಸಡಿಲವಾದಾಗ. ನಾಡಿ ನಿಧಾನವಾದಷ್ಟೂ ಆ ವಿಶ್ರಾಂತಿ ಉದ್ದ. ಆದ್ದರಿಂದ ನಡೆಯಿರಿ. ಆದರೆ ವರ್ಷಗಟ್ಟಲೆ ಕೂತಿದ್ದವರು ಒಂದೇ ದಿನ ಓಡಲು ಹೋಗಬೇಡಿ, ಮೆಲ್ಲಗೆ ಹೆಚ್ಚಿಸಿ. ನಡೆಯುವಾಗ ಎದೆ ಹಿಡಿದು, ನಿಂತರೆ ಹೋಗುತ್ತದೆ ಎಂದಾದರೆ ಅದು ಗ್ಯಾಸ್ ಅಲ್ಲ, ತಡಮಾಡದೆ ಡಾಕ್ಟರಿಗೆ ತೋರಿಸಿ.

"ಸೈಟಿನಲ್ಲಿ ದಿನವಿಡೀ ದುಡಿಯುತ್ತೇವಲ್ಲ, ಅದೇ ವ್ಯಾಯಾಮ" ಎನ್ನುವವರಿದ್ದಾರೆ. ಅಣ್ಣನೂ ಹಾಗೆಯೇ ಹೇಳುತ್ತಿದ್ದರು. ದುಡಿಮೆ ಇತ್ತು, ಆದರೆ ದಿನಕ್ಕೆ ಒಂದು ಪ್ಯಾಕ್ ಸಿಗರೇಟೂ ಇತ್ತು. ಎಂಟು ಲೋಟ ಸಿಹಿ ಕರಕ್ ಚಾಯ್ ಇತ್ತು, ಐದು ಗಂಟೆಯ ನಿದ್ದೆ ಇತ್ತು. ಬಿಪಿ ನೋಡಿಸಿ ಎಷ್ಟು ವರ್ಷವಾಗಿತ್ತೋ ಅವರಿಗೂ ಗೊತ್ತಿರಲಿಲ್ಲ. "ವೀಸಾ ಮೆಡಿಕಲ್ ಪಾಸಾಗಿದೆ, ನನಗೇನೂ ಇಲ್ಲ" ಎನ್ನುತ್ತಿದ್ದರು. ಇದನ್ನು ಚೆನ್ನಾಗಿ ತಿಳಿದುಕೊಳ್ಳಿ. ವೀಸಾ ಮೆಡಿಕಲ್‌ನಲ್ಲಿ ನೋಡುವುದು ಮುಖ್ಯವಾಗಿ ಟಿಬಿ, ಎಚ್‌ಐವಿಯಂಥ ಸೋಂಕುಗಳನ್ನು. ನಿಮ್ಮ ಕೊಲೆಸ್ಟ್ರಾಲನ್ನಾಗಲಿ, ಹೃದಯದ ನಾಳವನ್ನಾಗಲಿ ಅಲ್ಲ. ಅದರಲ್ಲಿ ಪಾಸಾದರೆ ಹೃದಯ ಪಾಸಾಯಿತು ಎಂದಲ್ಲ. 30 ದಾಟಿದವರು ವರ್ಷಕ್ಕೊಮ್ಮೆ ಬಿಪಿ, ಶುಗರ್, ಕೊಲೆಸ್ಟ್ರಾಲ್ ಮೂರನ್ನೂ ನೋಡಿಸಿ. ಮಾತ್ರೆ ಶುರುವಾಗಿದ್ದರೆ ಊರಿಗೆ ಹೋದಾಗಲೂ ನಿಲ್ಲಿಸಬೇಡಿ.

ಈಗ ಎರಡನೆಯ ಪ್ರಶ್ನೆ. ಆ ಎಂಟು ಗಂಟೆ.

ಹೃದಯಾಘಾತ ಅಂದರೆ ನಾಳ ಮೆಲ್ಲಮೆಲ್ಲಗೆ ತುಂಬಿ ಮುಚ್ಚುವುದು ಎಂದು ಬಹಳ ಜನ ತಿಳಿದಿದ್ದಾರೆ. ಹೆಚ್ಚಾಗಿ ಹಾಗಲ್ಲ. ನಾಳದ ಗೋಡೆಯಲ್ಲಿ ಕೊಬ್ಬಿನ ಗುಳ್ಳೆ, ಅದರ ಮೇಲೆ ತೆಳುವಾದ ಪೊರೆ. ಒಂದು ದಿನ ಆ ಪೊರೆ ಹರಿಯುತ್ತದೆ. ಒಳಗಿನ ಕೊಬ್ಬು ರಕ್ತಕ್ಕೆ ತಾಗುತ್ತದೆ, ರಕ್ತ ಹೆಪ್ಪುಗಟ್ಟುತ್ತದೆ, ಕೆಲವೇ ನಿಮಿಷದಲ್ಲಿ ನಾಳ ಬಂದ್. ನಿನ್ನೆಯವರೆಗೆ ಅಲ್ಲಿ ಅರ್ಧದಷ್ಟೂ ಅಡಚಣೆ ಇಲ್ಲದೆ ಇದ್ದಿರಬಹುದು. ಅದಕ್ಕೇ "ಹೋದ ತಿಂಗಳು ಇಸಿಜಿ ನಾರ್ಮಲ್ ಇತ್ತು" ಎಂಬುದು ಇವತ್ತಿನ ಎದೆನೋವಿಗೆ ಉತ್ತರ ಅಲ್ಲ. ಮುಚ್ಚಿದ ಮೇಲೆ ಅದರ ಆಚೆಯ ಮಾಂಸಖಂಡ ಸಾಯಲು ಶುರುವಾಗುತ್ತದೆ. ಸತ್ತದ್ದು ಮತ್ತೆ ಬೆಳೆಯುವುದಿಲ್ಲ. ವೈದ್ಯರು ರೋಗಿಯನ್ನು ಕಂಡ 90 ನಿಮಿಷದೊಳಗೆ ನಾಳ ತೆರೆಯಬೇಕು ಎಂಬುದು ನಾವು ಇಟ್ಟುಕೊಂಡಿರುವ ಗುರಿ. ದುಬೈಯಲ್ಲೂ ಅಬುಧಾಬಿಯಲ್ಲೂ ಹಗಲು ರಾತ್ರಿ ಇದನ್ನು ಮಾಡುವ ಆಸ್ಪತ್ರೆಗಳಿವೆ. ಆದರೆ ಆ 90 ನಿಮಿಷ ಶುರುವಾಗುವುದು ನೀವು ಕರೆ ಮಾಡಿದ ಮೇಲೆ.

ಇದು ಇಲ್ಲಿನ ಕಥೆ ಮಾತ್ರ ಅಲ್ಲ. 2008ರಲ್ಲಿ ಬೆಂಗಳೂರಿನ ಸೇಂಟ್ ಜಾನ್ಸ್‌ನವರು ಭಾರತದ 20 ಸಾವಿರಕ್ಕೂ ಹೆಚ್ಚು ಹೃದಯಾಘಾತದ ರೋಗಿಗಳ ಅಧ್ಯಯನ ಪ್ರಕಟಿಸಿದರು. ಅರ್ಧದಷ್ಟು ಜನ ಆಸ್ಪತ್ರೆ ಸೇರಿದ್ದು ನೋವು ಶುರುವಾಗಿ ಆರು ಗಂಟೆ ಕಳೆದ ಮೇಲೆ. ಈಗ ಕರ್ನಾಟಕ ಸರ್ಕಾರ ಪುನೀತ್ ರಾಜ್‌ಕುಮಾರ್ ಅವರ ಹೆಸರಿನಲ್ಲಿ ಹೃದಯ ಜ್ಯೋತಿ ಯೋಜನೆ ನಡೆಸುತ್ತಿದೆ. ತಾಲೂಕು ಆಸ್ಪತ್ರೆಯಲ್ಲೇ ಇಸಿಜಿ ತೆಗೆದು, ಹೆಪ್ಪು ಕರಗಿಸುವ ಚುಚ್ಚುಮದ್ದನ್ನು ಉಚಿತವಾಗಿ ಕೊಟ್ಟು, ಆಮೇಲೆ ದೊಡ್ಡ ಆಸ್ಪತ್ರೆಗೆ ಕಳಿಸುವ ವ್ಯವಸ್ಥೆ. ಊರಿನಲ್ಲಿರುವ ಅಪ್ಪ ಅಮ್ಮನಿಗೆ ಇವತ್ತೇ ಫೋನ್ ಮಾಡಿ ಇದನ್ನು ಹೇಳಿ.

ಇಲ್ಲಿ ನಮ್ಮವರು ತಡಮಾಡುವುದು ಯಾಕೆ? ಇಪ್ಪತ್ತು ವರ್ಷಕ್ಕೂ ಮೇಲೆ ಈ ಪ್ರಶ್ನೆಯನ್ನು ರೋಗಿಗಳಿಗೆ ಕೇಳುತ್ತಾ ಬಂದಿದ್ದೇನೆ. ಉತ್ತರ ಮೂರೇ. "ಗ್ಯಾಸ್ ಅಂದುಕೊಂಡೆ." "ಬಿಲ್ ಎಷ್ಟಾಗುತ್ತದೋ ಅಂತ ಹೆದರಿದೆ." "ಕಂಪನಿಗೆ ಗೊತ್ತಾದರೆ ಕೆಲಸ ಹೋಗುತ್ತದೆ." ಒಂದೊಂದಕ್ಕೂ ಉತ್ತರ ಕೊಡುತ್ತೇನೆ.

ಗ್ಯಾಸೋ ಹೃದಯವೋ ಎಂದು ರೂಮಿನಲ್ಲಿ ಕೂತು ತೀರ್ಮಾನಿಸಲು ನಿಮಗೂ ಆಗುವುದಿಲ್ಲ, ಫೋನಿನಲ್ಲಿ ಕೇಳಿ ನನಗೂ ಆಗುವುದಿಲ್ಲ. ಎದೆಯ ನಡುವೆ ಭಾರ, ಹಿಂಡುವ ನೋವು ಅಥವಾ ಉರಿ, ಭುಜಕ್ಕೆ, ದವಡೆಗೆ, ಬೆನ್ನಿಗೆ ಹರಡುವುದು, ತಣ್ಣನೆ ಬೆವರು, ಉಸಿರು ಕಟ್ಟುವುದು, ಇವು ಐದು ಹತ್ತು ನಿಮಿಷದಲ್ಲಿ ಹೋಗದಿದ್ದರೆ ಕರೆ ಮಾಡಿ. ಶುಗರ್ ಇದ್ದವರಿಗೆ, ಹೆಂಗಸರಿಗೆ ಎದೆನೋವೇ ಇಲ್ಲದೆ ಬರೀ ಸುಸ್ತು, ಬೆವರು, ವಾಂತಿ ಆಗಬಹುದು. ಆಸ್ಪತ್ರೆಯಲ್ಲಿ ಮೊದಲ ಇಸಿಜಿ ಸರಿ ಇದ್ದರೂ ಮತ್ತೊಮ್ಮೆ ತೆಗೆಯಬೇಕಾಗುತ್ತದೆ, ರಕ್ತ ಪರೀಕ್ಷೆ ಎರಡು ಸಲ ಮಾಡಬೇಕಾಗುತ್ತದೆ. ಅವರು ಇರಿ ಎಂದರೆ ಇರಿ.

ಬಿಲ್ಲಿನ ಮಾತು. ಅಬುಧಾಬಿಯಲ್ಲಿ 2005ರ ಕಾನೂನಿನಿಂದ, ದುಬೈಯಲ್ಲಿ 2013ರ ಕಾನೂನಿನಿಂದ ಕೆಲಸಗಾರರಿಗೆ ಆರೋಗ್ಯ ವಿಮೆ ಕಡ್ಡಾಯ. ಉತ್ತರದ ಎಮಿರೇಟುಗಳಲ್ಲಿ 2025ರ ಜನವರಿ 1ರಿಂದ ಕಡ್ಡಾಯವಾಗಿದೆ. ಅತಿ ಕಡಿಮೆಯ ಪ್ಲಾನಿನಲ್ಲೂ ತುರ್ತು ಚಿಕಿತ್ಸೆ ಸೇರಿದೆ. ಎಮಿರೇಟ್ಸ್ ಐಡಿ ಕಾರ್ಡು ಯಾವಾಗಲೂ ಜೇಬಿನಲ್ಲಿರಲಿ.

ಕೆಲಸದ ಮಾತು. 2021ರ ಕಾರ್ಮಿಕ ಕಾನೂನಿನ ಪ್ರಕಾರ ಪ್ರೊಬೇಷನ್ ಮುಗಿದವರಿಗೆ ವರ್ಷಕ್ಕೆ 90 ದಿನದವರೆಗೆ ಅನಾರೋಗ್ಯ ರಜೆ ಇದೆ. ಮೊದಲ 15 ದಿನ ಪೂರ್ತಿ ಸಂಬಳ, ನಂತರ 30 ದಿನ ಅರ್ಧ, ಉಳಿದ 45 ದಿನ ಸಂಬಳ ಇಲ್ಲ. ಆ ರಜೆಯಲ್ಲಿರುವಾಗ ಕೆಲಸದಿಂದ ತೆಗೆಯುವಂತಿಲ್ಲ. ಮೂರು ಕೆಲಸದ ದಿನದೊಳಗೆ ಕಂಪನಿಗೆ ತಿಳಿಸಬೇಕು, ವೈದ್ಯರ ಚೀಟಿ ಕೊಡಬೇಕು. ಕಾನೂನು ಇದ್ದ ಮಾತ್ರಕ್ಕೆ ಎಲ್ಲ ಸರಿ ಇರುತ್ತದೆ ಎಂದು ನಾನು ಹೇಳುವುದಿಲ್ಲ, ನೀವು ನನಗಿಂತ ಚೆನ್ನಾಗಿ ಬಲ್ಲಿರಿ. ಆದರೆ ಇದನ್ನು ನೋಡಿ. ಒಂದು ಗಂಟೆಯಲ್ಲಿ ನಾಳ ತೆರೆಸಿಕೊಂಡವನು ಕೆಲವು ವಾರದಲ್ಲಿ ಕೆಲಸಕ್ಕೆ ಮರಳುತ್ತಾನೆ. ಎಂಟು ಗಂಟೆ ಬಚ್ಚಿಟ್ಟವನಿಗೆ ಹೃದಯವೂ ಹೋಗುತ್ತದೆ, ಕೆಲಸವೂ ಹೋಗುತ್ತದೆ.

ಕರೆ ಮಾಡಬೇಕಾದ ನಂಬರು 998, ಆಂಬುಲೆನ್ಸ್. ಅದು ನೆನಪಾಗದಿದ್ದರೆ 999. ಇಲ್ಲಿಯೂ ರೋಗಿಗಳು ಹೆಚ್ಚಾಗಿ ಟ್ಯಾಕ್ಸಿಯಲ್ಲೋ ಗೆಳೆಯರ ಕಾರಿನಲ್ಲೋ ಬರುತ್ತಾರೆ. ಅದು ಬೇಡ. ಮೊದಲ ಗಂಟೆಯಲ್ಲಿ ಬಡಿತ ಹಠಾತ್ತಾಗಿ ತಪ್ಪಬಹುದು. ಅದನ್ನು ಸರಿ ಮಾಡುವ ಯಂತ್ರ ಆಂಬುಲೆನ್ಸಿನಲ್ಲಿದೆ, ಟ್ಯಾಕ್ಸಿಯಲ್ಲಿ ಇಲ್ಲ. ಸ್ವಂತ ಗಾಡಿ ಓಡಿಸಿಕೊಂಡು ಹೋಗುವುದಂತೂ ಬೇಡವೇ ಬೇಡ. ದುಬೈಯ ಪ್ರತಿ ಕಟ್ಟಡಕ್ಕೂ ಮಕಾನಿ ಎಂಬ ಹತ್ತು ಅಂಕಿಯ ನಂಬರಿದೆ, ಬಾಗಿಲ ಹತ್ತಿರ ಬೋರ್ಡಿನಲ್ಲಿರುತ್ತದೆ. ಇವತ್ತು ರೂಮಿಗೆ ಹೋದ ಕೂಡಲೇ ಅದನ್ನು ಬಾಗಿಲ ಒಳಗಡೆ ದೊಡ್ಡದಾಗಿ ಬರೆದು ಅಂಟಿಸಿ. ಅಬುಧಾಬಿಯವರು, ಮುಸಫ್ಫಾದವರು ನಿಮ್ಮ ಕಟ್ಟಡದ ವಿಳಾಸದ ಬೋರ್ಡು ನೋಡಿ ಬರೆದುಕೊಳ್ಳಿ. ಕರೆ ಮಾಡಿದ ಮೇಲೆ ಒಬ್ಬರು ಕ್ಯಾಂಪಿನ ಗೇಟಿಗೆ ಹೋಗಿ ನಿಲ್ಲಿ. ರೋಗಿಯನ್ನು ಕೂರಿಸಿ, ನಡೆಸಬೇಡಿ. ಆಸ್ಪಿರಿನ್ ಅಲರ್ಜಿ ಇಲ್ಲದಿದ್ದರೆ, ಫೋನಿನಲ್ಲಿ ಇರುವವರು ಹೇಳಿದರೆ, ಆಸ್ಪಿರಿನ್ ಜಗಿಯಲು ಕೊಡಿ.

ಪಕ್ಕದ ಬೆಡ್ಡಿನವರಿಗೆ ಒಂದು ಮಾತು. ನೋವು ಇರುವವನು ಯಾವಾಗಲೂ "ಬೇಡ ಮಾರಾಯ, ಬೆಳಿಗ್ಗೆ ನೋಡುವ" ಎಂದೇ ಹೇಳುತ್ತಾನೆ. ಅವನ ಮಾತು ಕೇಳಬೇಡಿ. ಬೈದರೆ ಬೈಸಿಕೊಳ್ಳಿ. ಇಲ್ಲಿ ಅವನಿಗೆ ಹೆಂಡತಿಯೂ ನೀವೇ, ಅಣ್ಣನೂ ನೀವೇ. ಫೋನ್ ಮಾಡಬೇಕಾದವರು ನೀವು.

ನನ್ನ ಅಣ್ಣನ ಕಥೆ ಮುಗಿಸುತ್ತೇನೆ. ಆಸ್ಪತ್ರೆಯವರು ಅವರ ಜೀವ ಉಳಿಸಿದರು. ಆದರೆ ಹೃದಯದ ಶಕ್ತಿ ಅರ್ಧಕ್ಕಿಂತ ಕೆಳಗೆ ಇಳಿದಿತ್ತು. ಏಣಿ ಹತ್ತಲು ಆಗಲಿಲ್ಲ. ವೀಸಾ ರದ್ದು ಮಾಡಿಸಿ ಊರಿಗೆ ಹೋದರು. ಎರಡೂವರೆ ವರ್ಷ ಬದುಕಿದ್ದರು. ರಜೆಗೆ ಹೋದಾಗ ಒಮ್ಮೆ ನೋಡಲು ಹೋಗಿದ್ದೆ. ಮೂರು ದಿಂಬು ಒರಗಿಕೊಂಡು ಕೂತಿದ್ದರು, ಮಲಗಿದರೆ ಉಸಿರು ಕಟ್ಟುತ್ತಿತ್ತು. ಐದನೇ ಕ್ಲಾಸಿನ ಮಗಳು ನನಗೆ ನೀರು ತಂದುಕೊಟ್ಟಳು. ನಾನು ಹೇಗೋ ಧೈರ್ಯ ಮಾಡಿ ಹೇಳಿದೆ, "ಅಣ್ಣ, ಅವತ್ತು ನಾನೇ ಮಲಗಿ ಅಂದದ್ದು." ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ನೀವು ಆಸ್ಪತ್ರೆಗೆ ಹೋಗಿ ಅಂದಿದ್ರೂ ನಾನು ಹೋಗ್ತಿರ್ಲಿಲ್ಲ ಡಾಕ್ಟ್ರೇ. ಆಂಬುಲೆನ್ಸ್ ಬಂದ್ರೆ ಕಂಪನಿಗೆ ಗೊತ್ತಾಗ್ತಿತ್ತು ಅಲ್ವಾ" ಎಂದರು.

ನನ್ನನ್ನು ಸಮಾಧಾನ ಮಾಡಲು ಹಾಗೆ ಹೇಳಿದರೋ, ನಿಜವಾಗಿ ಹೇಳಿದರೋ ಇವತ್ತಿಗೂ ಗೊತ್ತಿಲ್ಲ. ಊರಿಂದ ಬಂದ ಮೇಲೆ ಕ್ಲಿನಿಕ್ಕಿನ ಕೆಲಸ ಬಿಟ್ಟು ಹೃದ್ರೋಗ ಓದಲು ಹೋದೆ. ಅವತ್ತಿನಿಂದ ಇವತ್ತಿನವರೆಗೆ ಫೋನಿನಲ್ಲಿ ಯಾರ ಎದೆನೋವಿಗೂ "ಗ್ಯಾಸ್" ಎಂಬ ಮಾತು ನನ್ನ ಬಾಯಿಂದ ಬಂದಿಲ್ಲ.

ನಿಮ್ಮ ನಾಳ ಹೇಗೆ ಬಾಗುತ್ತದೆ, ಎಲ್ಲಿ ಮಡಚುತ್ತದೆ ಎಂಬುದು ನಿಮ್ಮ ಕೈಯಲ್ಲಿಲ್ಲ. ಅದರೊಳಗೆ ಏನು ಹರಿಯಬೇಕು ಎಂಬುದು ಬಹುಪಾಲು ನಿಮ್ಮ ಕೈಯಲ್ಲಿದೆ. ಮುಚ್ಚಿಕೊಂಡ ರಾತ್ರಿ ಎಷ್ಟು ಬೇಗ ಫೋನ್ ಎತ್ತುತ್ತೀರಿ ಎಂಬುದಂತೂ ಪೂರ್ತಿ ನಿಮ್ಮ ಕೈಯಲ್ಲಿದೆ. ಈಗ ಎಲ್ಲರೂ ಮೊಬೈಲು ತೆಗೆಯಿರಿ. 998 ಅನ್ನು ಸೇವ್ ಮಾಡಿ. ಪಕ್ಕದಲ್ಲಿ ಕೂತವರು ಮಾಡಿದ್ದಾರಾ ಎಂದು ನೋಡಿ. ನೀವು ಮಾಡಿ ಮುಗಿಸುವವರೆಗೆ ನಾನು ಇಲ್ಲೇ ನಿಂತಿರುತ್ತೇನೆ.